ಕಡಕ್‌ನಾಥ್ ಸತ್ತವು, ಮಿಶ್ರತಳಿ ಉಳಿದವು. ತಪ್ಪು ತಳಿಯದ್ದಾ?

ವಾಘೋಲಿ ಹಿತ್ತಲು (ಪುಣೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಕಡೆಯವನು, 11 ವರ್ಷದಿಂದ ಪುಣೆಯಲ್ಲಿದ್ದೇನೆ. ವಾಘೋಲಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಹಿಂದೆ ಒಂದು ಗುಂಟೆ ಜಾಗ ಇದೆ. ಅಲ್ಲಿ ಕೋಳಿ ಸಾಕಿದ್ದೇನೆ.

ಮಾರ್ಚ್‌ನಲ್ಲಿ ಒಟ್ಟು 15 ಇದ್ದವು. 6 ಕಡಕ್‌ನಾಥ್, ಅಂದರೆ ಮೈಯೆಲ್ಲ ಕಪ್ಪಿರುವ ತಳಿ. ‘ಪಕ್ಕಾ ಪ್ಯೂರ್’ ಅಂದ ಒಬ್ಬರ ಹತ್ತಿರ ಒಂದು ತಿಂಗಳ ಮರಿ ತಂದಿದ್ದೆ. 5 ಗಿರಿರಾಜ, ಹ್ಯಾಚರಿಯ ಮಿಶ್ರತಳಿ. ಹೋದ ದಸರಾಕ್ಕೆ ಊರಿಗೆ ಹೋದಾಗ ಒಂದು ದಿನದ ಮರಿ ತಂದು ಬೆಳೆಸಿದ್ದು. ಒಂದು ಗಾವರಾನ್ (ಇಲ್ಲಿನ ನಾಟಿ) ಕೋಳಿ, ಪಕ್ಕದ ಮನೆ ಅಜ್ಜಿ ಕೊಟ್ಟದ್ದು. ಉಳಿದ 3 ಅದೇ ಕೋಳಿ ಜನವರಿಯಲ್ಲಿ ಕಾವು ಕೂತು ಮಾಡಿದ ಮರಿಗಳು. ತಂದೆ ಮೊದಲು ನನ್ನಲ್ಲಿದ್ದ ಬೇರೆ ಕಡಕ್‌ನಾಥ್ ಹುಂಜ.

ಜುಲೈ ಕೊನೆಗೆ ಒಂದು ಕಡಕ್‌ನಾಥ್ ಹ್ಯಾಟೆ ಕುಂಟುವುದಕ್ಕೆ ಶುರು ಮಾಡಿತು. ಮುಳ್ಳು ಚುಚ್ಚಿರಬೇಕು ಅಂತ ಅಂಗಾಲು ತಿರುಗಿಸಿ ನೋಡಿದೆ, ಏನೂ ಇರಲಿಲ್ಲ. ಮೂರನೇ ದಿನ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿಕೊಂಡು ಮಗ್ಗುಲಿಗೆ ಬಿದ್ದಿತ್ತು. ಕಣ್ಣು ಚುರುಕಾಗೇ ಇತ್ತು. ಅಂಗೈಯಲ್ಲಿ ನುಚ್ಚು ಹಿಡಿದರೆ ತಿನ್ನುತ್ತಿತ್ತು. ಎತ್ತಿಕೊಂಡರೆ ಮೈಯಲ್ಲಿ ಮಾಂಸವೇ ಇಲ್ಲ, ಎದೆಮೂಳೆ ಕೈಗೆ ಒತ್ತುತ್ತಿತ್ತು. 12 ದಿನಕ್ಕೆ ಸತ್ತಿತು. ಆಮೇಲೆ ಇನ್ನೆರಡು ಹಾಗೇ ಹೋದವು. ಈಗ ನಾಲ್ಕನೆಯದು ಕುಂಟುತ್ತಿದೆ.

ಗಿರಿರಾಜ ಐದೂ ಚೆನ್ನಾಗಿವೆ. ಮನೆಯಲ್ಲಿ ಹುಟ್ಟಿದ ಮಿಶ್ರ ಮರಿ ಮೂರೂ ಚೆನ್ನಾಗಿವೆ. ಗೂಡು ಒಂದೇ, ನೀರು ಒಂದೇ, ಕಾಳು ಒಂದೇ. ಅಜ್ಜಿ ಹೇಳುತ್ತಾರೆ, ಶುದ್ಧ ತಳಿ ನಾಜೂಕು, ಕಲಬೆರಕೆ ಗಟ್ಟಿ ಅಂತ. ಇದು ನಿಜವಾ? ಕಡಕ್‌ನಾಥ್ ಬಿಟ್ಟುಬಿಡಲಾ?

ಬದ್ಲಾಪುರದ ಕುಂದಾಪ್ರದವ

ಅಜ್ಜಿ ಹೇಳಿದ್ದು ಸರಿ ಅಂತ ನನಗೂ ಅನಿಸುತ್ತದೆ. ನಾನು ಬದ್ಲಾಪುರದಲ್ಲಿ 6 ವರ್ಷದಿಂದ ಸಾಕುತ್ತಿದ್ದೇನೆ. ಶುದ್ಧ ಅಂತ ದುಡ್ಡು ಕೊಟ್ಟು ತಂದದ್ದೆಲ್ಲ ಒಂದೊಂದು ಮಳೆಗಾಲಕ್ಕೆ ಹೋಯಿತು. ಬೆರೆತ ಕೋಳಿ ಮಾತ್ರ ಮಳೆಯಲ್ಲಿ ನೆನೆದು, ಮೈ ಕೊಡವಿ, ಮತ್ತೆ ಕೆದರುವುದಕ್ಕೆ ಹೋಗುತ್ತವೆ. ಕಲಬೆರಕೆಗೆ ಹೊಸ ರಕ್ತ ಇರುತ್ತದೆ, ಅದೇ ಶಕ್ತಿ.

ಬಿಡಬೇಕಾ ಅಂದರೆ, ನಾನಾಗಿದ್ದರೆ ಬಿಡುತ್ತಿದ್ದೆ.

ಹ್ಯಾಚರಿಯಲ್ಲಿ 22 ವರ್ಷ (ಪುಣೆ)

ವಾಘೋಲಿಯವರೇ, ತಳಿ ಮಾತು ಆಮೇಲೆ. ಮೊದಲು ಮೂರು ಪ್ರಶ್ನೆ.

ಕಡಕ್‌ನಾಥ್ ಮರಿಗೆ ಮೊದಲ ದಿನ ಮಾರೆಕ್ಸ್ ಲಸಿಕೆ ಹಾಕಿದ್ದರಾ? ಆರೂ ಮರಿ ಒಂದೇ ತಂದೆತಾಯಿಯದಾ? ಮಾರಿದವರ ಹತ್ತಿರ ಎಷ್ಟು ಹುಂಜ ಇದ್ದವು?

ಒಂದು ಕಾಲು ಮುಂದೆ ಒಂದು ಹಿಂದೆ ಅಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಮಾರೆಕ್ಸ್ ನೆನಪಾಯಿತು. 1907ರಲ್ಲಿ ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ ಇದನ್ನು ಮೊದಲು ವಿವರಿಸಿದರು, ಅವರದೇ ಹೆಸರು. ವೈರಸ್ ರೋಗ. ನರ ಊದುತ್ತದೆ, ಒಳಗೆ ಗಡ್ಡೆ ಆಗುತ್ತದೆ. ಕೆಲವಕ್ಕೆ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ 3ರಿಂದ 6 ತಿಂಗಳ ಪ್ರಾಯದ ಕೋಳಿಗೇ ಜಾಸ್ತಿ ಹೊಡೆಯುವುದು. ನಿಮ್ಮವೂ ಅದೇ ವಯಸ್ಸು, ಅಲ್ವಾ?

ಆದರೆ ಸುಮ್ನೆ ಓದಿ ಖಚಿತ ಹೇಳುವುದಕ್ಕೆ ಆಗುವುದಿಲ್ಲ. ವಿಟಮಿನ್ ಕೊರತೆಗೂ ಕಾಲು ಹೋಗುತ್ತದೆ. ಇನ್ನೊಂದು ಸತ್ತರೆ ದಯವಿಟ್ಟು ಹೂಳಬೇಡಿ. ಎರಡು ಚೀಲದಲ್ಲಿ ಕಟ್ಟಿ, ಐಸ್ ಇಟ್ಟು, ಔಂಧ್‌ನಲ್ಲಿರುವ ಪಶುಸಂಗೋಪನಾ ಇಲಾಖೆಯ ರೋಗ ಪತ್ತೆ ಪ್ರಯೋಗಾಲಯಕ್ಕೆ ಒಯ್ಯಿರಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದರೆ ಒಳಗಿನ ಅಂಗಾಂಶ ಕೆಟ್ಟು ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ವಾಘೋಲಿ ಹಿತ್ತಲು (ಪುಣೆ)

ಸರ್, ನಿಮ್ಮ ಪ್ರಶ್ನೆ ಓದಿ ಮಾರಿದವರಿಗೆ ಫೋನ್ ಮಾಡಿದೆ. ಲಸಿಕೆ ಹಾಕಿಲ್ಲವಂತೆ. ಆರೂ ಒಂದೇ ಗುಂಪಿನ ಮರಿ. ಹುಂಜ ಒಂದೇ, ನಾಲ್ಕು ವರ್ಷದಿಂದ ಅದೇ. ಕೋಳಿಗಳು ಅದರದೇ ಮಕ್ಕಳು. ‘ಬೇರೆ ಹುಂಜ ತಂದರೆ ಶುದ್ಧ ಎಲ್ಲಿ ಉಳಿಯುತ್ತದೆ’ ಅಂತ ನನ್ನನ್ನೇ ಕೇಳಿದರು.

ಗಿರಿರಾಜಕ್ಕೆ ಹ್ಯಾಚರಿಯಲ್ಲೇ ಮೊದಲ ದಿನದ ಲಸಿಕೆ ಆಗಿತ್ತು. ಮನೆಯಲ್ಲಿ ಹುಟ್ಟಿದವಕ್ಕೆ ಏನೂ ಹಾಕಿಲ್ಲ.

ನಾಲ್ಕನೆಯದು ಮೊನ್ನೆ ರಾತ್ರಿ ಹೋಯಿತು. ನಿನ್ನೆ ಔಂಧ್‌ಗೆ ಒಯ್ದೆ. ಅಲ್ಲಿನ ಡಾಕ್ಟರ್ ಕೊಯ್ದು ನನಗೂ ತೋರಿಸಿದರು. ತೊಡೆಯ ಮಾಂಸ ಸರಿಸಿದರೆ ಕೆಳಗೆ ಒಂದು ಬಿಳಿ ನರ. ಎಡಗಡೆಯದು ದಾರದಷ್ಟು ತೆಳ್ಳಗೆ, ಅಡ್ಡಡ್ಡ ಸಣ್ಣ ಗೆರೆ ಇದ್ದವು. ಬಲಗಡೆಯದು ಅದರ ಎರಡರಷ್ಟು ದಪ್ಪ, ಹಳದಿ ಬಣ್ಣ, ಗೆರೆಯೇ ಇಲ್ಲ. ಮಾರೆಕ್ಸ್ ಅಂತಲೇ ಹೇಳಿದರು.

ಹ್ಯಾಚರಿಯಲ್ಲಿ 22 ವರ್ಷ (ಪುಣೆ)

ಒಯ್ದಿರಲ್ಲ, ತುಂಬ ಒಳ್ಳೆಯ ಕೆಲಸ ಮಾಡಿದಿರಿ. ಈಗ ತಳಿ ಮಾತಾಡೋಣ. ಇಲ್ಲಿ ಮೂರು ವಿಷಯ ಹೆಣೆದುಕೊಂಡಿವೆ. ಎಲ್ಲವನ್ನೂ ‘ಶುದ್ಧ’ ಅನ್ನುವ ಒಂದೇ ಪದದ ತಲೆಗೆ ಕಟ್ಟುವುದು ಸರಿಯಲ್ಲ.

ಮೊದಲು ಲಸಿಕೆ. ಮಾರೆಕ್ಸ್ ಲಸಿಕೆ ಗಡ್ಡೆ ಆಗದಂತೆ ತಡೆಯುತ್ತದೆ, ವೈರಸ್ ಒಳಗೆ ಹೋಗುವುದನ್ನು ತಡೆಯುವುದಿಲ್ಲ. ಲಸಿಕೆ ಹಾಕಿದ ಕೋಳಿ ಚೆನ್ನಾಗಿಯೇ ಓಡಾಡಿಕೊಂಡು ಪುಕ್ಕದ ಹೊಟ್ಟಿನ ಜೊತೆ ವೈರಸ್ ಉದುರಿಸುತ್ತಿರಬಹುದು. ಅದು ಗೂಡಿನ ದೂಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮ್ಮ ಗಿರಿರಾಜಗಳೋ, ಹಳೆಯ ಕಡಕ್‌ನಾಥ್ ಹುಂಜವೋ, ಅಜ್ಜಿಯ ಕೋಳಿಯೋ, ಯಾವುದು ತಂದಿತೋ ಹೇಳುವುದಕ್ಕೆ ಬರುವುದಿಲ್ಲ. ಆ ದೂಳಿಗೆ ನೀವು ಲಸಿಕೆಯಿಲ್ಲದ ಒಂದು ತಿಂಗಳ ಮರಿ ಬಿಟ್ಟಿರಿ. ಆ ಜಾಗದಲ್ಲಿ ಯಾವ ತಳಿಯ ಮರಿ ಇದ್ದರೂ ಅಪಾಯವೇ.

ಹಾಗಾದರೆ ಮನೆಯಲ್ಲಿ ಹುಟ್ಟಿದ ಮೂರು ಹೇಗೆ ಉಳಿದವು? ಅವಕ್ಕೂ ಲಸಿಕೆ ಇಲ್ಲ. ಇಲ್ಲಿ ತಾಯಿಯ ಪಾತ್ರ ಇದೆ. ಗಾವರಾನ್ ಕೋಳಿ ನಿಮ್ಮ ಗೂಡಿನ ರೋಗಾಣುಗಳ ಜೊತೆಯೇ ಬದುಕಿದೆ. ಅವುಗಳ ವಿರುದ್ಧ ಅದರ ಮೈಯಲ್ಲಿ ತಯಾರಾದ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬರುತ್ತದೆ. ಸುಮಾರು ಮೂರು ವಾರ ಅದು ಮರಿಗೆ ಕಾವಲು. ಅಷ್ಟರಲ್ಲಿ ಮರಿಯ ಮೈ ತಾನೇ ಕಲಿಯುತ್ತದೆ. ಹೊರಗಿನಿಂದ ಬಂದ ಒಂದು ತಿಂಗಳ ಮರಿಯಲ್ಲಿ ತಾಯಿ ಕೊಟ್ಟದ್ದು ಮುಗಿದಿರುತ್ತದೆ. ಮೇಲೆ ಪ್ರಯಾಣದ ಸುಸ್ತು ಬೇರೆ.

ಮೂರನೆಯದು ಆ ಒಂದೇ ಹುಂಜ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಜನ ಇಲ್ಲೇ ಮೋಸ ಹೋಗುವುದು. ತಂದೆಯನ್ನು ಮಗಳ ಜೊತೆ ಕೂಡಿಸಿದರೆ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ, ಅಂದರೆ ಜೀನ್ ಜೋಡಿಯ ಎರಡೂ ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ, 25%. ಆ ಮರಿ ದೊಡ್ಡದಾದ ಮೇಲೆ ಮತ್ತೆ ಅದೇ ಹುಂಜಕ್ಕೆ ಬಿಟ್ಟರೆ 37.5%. ಎಲ್ಲ ಪ್ರಾಣಿಯಲ್ಲೂ ಒಂದಿಷ್ಟು ದೋಷದ ಜೀನ್ ಅಡಗಿರುತ್ತವೆ. ಜೋಡಿಯ ಇನ್ನೊಂದು ಒಳ್ಳೆಯದಿದ್ದರೆ ದೋಷ ಹೊರಗೆ ಕಾಣುವುದಿಲ್ಲ. ಎರಡೂ ಕಡೆಯಿಂದ ಅದೇ ದೋಷ ಬಂದರೆ ಕಾಣುತ್ತದೆ. ಮೊದಲು ಮೊಟ್ಟೆ ಒಡೆದು ಮರಿ ಹೊರಬರುವುದು ಕಮ್ಮಿಯಾಗುತ್ತದೆ, ಆಮೇಲೆ ಮರಿ ಸಾಯುವುದು ಜಾಸ್ತಿಯಾಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ಬೆರೆತ ಮರಿಯಲ್ಲಿ ಇದರ ತದ್ವಿರುದ್ಧ ಆಗುತ್ತದೆ. ಅದಕ್ಕೇ ಹೈಬ್ರಿಡ್ ವಿಗರ್ ಅನ್ನುವುದು. ಅದು ನಿಜವಾಗಿಯೂ ಇದೆ, ನಾನು ಅಲ್ಲಗಳೆಯುವುದಿಲ್ಲ. ಮರಿ ಬದುಕುವುದು, ಮೊಟ್ಟೆ ಒಡೆಯುವುದು, ಇಂಥ ಗುಣಗಳಲ್ಲಿ ಅದು ಜಾಸ್ತಿ ಕಾಣುತ್ತದೆ. ಮೊಟ್ಟೆಯ ತೂಕದಂಥದ್ದರಲ್ಲಿ ಕಮ್ಮಿ.

ನಿಮ್ಮ ಕಡಕ್‌ನಾಥ್ ಸೋತದ್ದು ಕಡಕ್‌ನಾಥ್ ಆಗಿದ್ದಕ್ಕಲ್ಲ. ಅವುಗಳ ಅಪ್ಪನೇ ಅಜ್ಜನೂ ಆಗಿದ್ದಕ್ಕೆ, ಲಸಿಕೆ ಇಲ್ಲದ್ದಕ್ಕೆ.

ಚಿಂಚ್ವಡ್ ಬ್ರಹ್ಮಾ

ಮೇಲಿನ ಕೊನೆ ಮಾತಿಗೆ ಕೈ ಮುಗಿಯುತ್ತೇನೆ. ಶುದ್ಧ ತಳಿ ಸಾಕುವವರಿಗೆ ಎಲ್ಲರೂ ‘ನಿಮ್ಮದು ನಾಜೂಕು’ ಅಂತ ಹೇಳಿ ಹೇಳಿ ನಮಗೂ ಹಾಗೇ ಅನಿಸಿಬಿಟ್ಟಿತ್ತು.

ಅಸೀಲ್ ನೋಡಿ. ಅದೂ ಶುದ್ಧ ತಳಿಯೇ. ಆಂಧ್ರ, ಛತ್ತೀಸ್‌ಗಢ, ಒಡಿಶಾ ಕಡೆಯ ಬಿಸಿಲಿನಲ್ಲಿ ತಲೆಮಾರುಗಳಿಂದ ಉಳಿದು ಬಂದದ್ದು. ಮೈ ಕಲ್ಲಿನಂತೆ. ನನ್ನ ಅಣ್ಣನ ಹತ್ತಿರ ಇದೆ, 5 ವರ್ಷದ ಹುಂಜ ಇನ್ನೂ ಗೋಡೆ ಹಾರುತ್ತದೆ. ಮೊಟ್ಟೆ ಕಮ್ಮಿ, ಜಗಳ ಜಾಸ್ತಿ, ಎರಡು ಹುಂಜ ಒಟ್ಟಿಗೆ ಬಿಡುವ ಹಾಗಿಲ್ಲ. ಆದರೆ ಆರೋಗ್ಯದಲ್ಲಿ ಯಾರೂ ಬೆರಳು ತೋರಿಸುವ ಹಾಗಿಲ್ಲ.

ಈಜಿಪ್ಟಿನ ಫಯೂಮಿಯೂ ಹಾಗೇ. ಹಳೆಯ ತಳಿ, ರೋಗ ತಡೆಯುವುದಕ್ಕೇ ಹೆಸರು. ಬಾಂಗ್ಲಾದೇಶದಲ್ಲಿ ಊರೂರಲ್ಲಿ ಸಾಕುವ ಸೋನಾಲಿ ಕೋಳಿ ಇದೆಯಲ್ಲ, ಅದು ರೋಡ್ ಐಲ್ಯಾಂಡ್ ರೆಡ್ ಹುಂಜಕ್ಕೆ ಫಯೂಮಿ ಕೋಳಿ ಕೂಡಿಸಿ ಮಾಡಿದ್ದು. ಬೆರಕೆ ಗಟ್ಟಿಯಾಗಬೇಕಾದರೆ ಹಿಂದೆ ಗಟ್ಟಿಯಾದ ಶುದ್ಧ ತಳಿ ಉಳಿದಿರಬೇಕಲ್ಲವಾ? ಎಲ್ಲರೂ ಶುದ್ಧ ಬಿಟ್ಟರೆ ಬೆರೆಸುವುದು ಯಾವುದರಿಂದ?

ಇನ್ನು ಚಂದಕ್ಕೆ ಮಾಡಿದ ತಳಿಗಳಲ್ಲಿ ತೊಂದರೆ ಇರುವುದು ನಿಜ. ನಾನು ಬ್ರಹ್ಮಾ ಸಾಕುತ್ತೇನೆ. ಕಾಲಿನ ಪುಕ್ಕಕ್ಕೆ ಮಳೆಗಾಲದಲ್ಲಿ ಕೆಸರು ಮೆತ್ತಿಕೊಳ್ಳುತ್ತದೆ. ಆ ಪುಕ್ಕದ ಮರೆಯಲ್ಲಿ ಹುರುಪೆಯ ಕೆಳಗೆ ನುಸಿ ಸೇರಿದರೆ ಗೊತ್ತೇ ಆಗುವುದಿಲ್ಲ. ಪ್ರತಿ ಭಾನುವಾರ ಒಂದೊಂದನ್ನೇ ತೊಡೆಯ ಮೇಲೆ ಕೂರಿಸಿಕೊಂಡು, ಕಾಲು ತೊಳೆದು ಒರೆಸಿ, ಹುರುಪೆ ಮೇಲೆದ್ದಿದೆಯಾ ಅಂತ ಬೆರಳಿನಿಂದ ಸವರಿ ನೋಡುತ್ತೇನೆ. ಎದ್ದಿದ್ದರೆ ವ್ಯಾಸಲೀನ್ ದಪ್ಪಗೆ ಹಚ್ಚುತ್ತೇನೆ, ನುಸಿಗೆ ಉಸಿರು ಸಿಗಬಾರದು. ಪೋಲಿಷ್ ಕೋಳಿಗೆ ಜುಟ್ಟು ಕಣ್ಣಿಗೆ ಅಡ್ಡ ಬರುತ್ತದೆ, ಹದ್ದು ಬಂದರೂ ಕಾಣುವುದಿಲ್ಲ. ಗಿಡ್ಡ ಕಾಲಿನ ಜಪಾನಿ ಬ್ಯಾಂಟಮ್‌ನಲ್ಲಿ ಆ ಗಿಡ್ಡ ಕಾಲಿನ ಜೀನ್ ಎರಡೂ ಕಡೆಯಿಂದ ಬಂದರೆ ಮರಿ ಮೊಟ್ಟೆಯಲ್ಲೇ ಸಾಯುತ್ತದೆ. ಇಂಥದ್ದನ್ನು ಸಾಕುವವರು ಅದನ್ನು ತಿಳಿದೇ ಸಾಕಬೇಕು.

ಫೋಂಡಾ ಅಕ್ಕ (ಗೋವಾ)

ನಾನು ಹಾವೇರಿಯವಳು, ಮದುವೆಯಾಗಿ ಗೋವಾಕ್ಕೆ ಬಂದವಳು. ಇಲ್ಲಿ ಮಳೆ ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ತನಕ ನೆಲ ಒಣಗುವುದಿಲ್ಲ. ಅದಕ್ಕೇ ಹೇಳುತ್ತೇನೆ, ರಕ್ತಭೇದಿ (ಕಾಕ್ಸಿಡಿಯೋಸಿಸ್) ಬಂದರೆ ಗಾಂವ್ಠಿ (ಗೋವಾದ ನಾಟಿ), ವನರಾಜ, ಕಡಕ್‌ನಾಥ್ ಅಂತ ಏನೂ ನೋಡುವುದಿಲ್ಲ. 3ರಿಂದ 6 ವಾರದ ಮರಿ, ಒದ್ದೆ ಹೊಟ್ಟು. ಇಷ್ಟು ಸಾಕು ಅದಕ್ಕೆ. ಹಿಕ್ಕೆಯಲ್ಲಿ ಬಿದ್ದ ಆ ರೋಗಾಣುವಿನ ಬೀಜ ಬೆಚ್ಚನೆಯ ತೇವದಲ್ಲಿ ಒಂದೆರಡು ದಿನಕ್ಕೆ ಬಲಿಯುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ನೀರಿಗೆ ಆಂಪ್ರೋಲಿಯಂ ಔಷಧಿ ಹಾಕಿ, ಹೊಟ್ಟು ಪೂರ್ತಿ ಬದಲಾಯಿಸಿದರೆ ಮಾತ್ರ ಮರಿ ಕೈಗೆ ಸಿಗುತ್ತವೆ.

ನನ್ನ ಅನುಭವದಲ್ಲಿ ಬೆರಕೆಯಲ್ಲೂ ಎರಡು ತರಹ. ವನರಾಜ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ್ದು, ಮೈ ದೊಡ್ಡದು. ಮೊದಲ ಸಲ ತಂದಾಗ ಪ್ರೀತಿಯಿಂದ ಬಟ್ಟಲು ತುಂಬ ಆಹಾರ ಇಟ್ಟೆ. 5 ತಿಂಗಳಿಗೆ ಹುಂಜ ಎಷ್ಟು ಭಾರವಾಯಿತೆಂದರೆ ಮೆಟ್ಟಿಲು ಹತ್ತುವುದಕ್ಕೆ ಆಗದೆ ಕೂತುಬಿಡುತ್ತಿತ್ತು. ಕಾಲು ಸೊಟ್ಟ ಆಯಿತು. ಅದು ರೋಗವಲ್ಲ, ನಾನೇ ಮಾಡಿದ್ದು. ಎರಡನೇ ಸಲ 6 ವಾರ ಒಳಗೆ ಸಾಕಿ, ಆಮೇಲೆ ಹಿತ್ತಲಿಗೆ ಬಿಟ್ಟು, ಸಂಜೆ ಒಂದು ಹಿಡಿ ಮಾತ್ರ ಹಾಕಿದೆ. ಎಲ್ಲವೂ ಚೆನ್ನಾಗಿ ಓಡಾಡಿದವು.

ಗಾಂವ್ಠಿ ಕೋಳಿ ಸಂಜೆ ಆರಕ್ಕೆ ಹಲಸಿನ ಮರ ಹತ್ತುತ್ತದೆ. ಮುಂಗುಸಿ ಬಂದರೆ ಅದು ಮರದ ಮೇಲೆ, ವನರಾಜ ನೆಲದ ಮೇಲೆ. ಹೋದ ವರ್ಷ ನನಗೆ ರೋಗದಿಂದ 2 ಹೋದವು, ಮುಂಗುಸಿಗೆ 5. ಹಿತ್ತಲಿನ ಕೋಳಿಗೆ ಓಡಿ ತಪ್ಪಿಸಿಕೊಳ್ಳುವುದೂ ಆರೋಗ್ಯವೇ.

ಇನ್ನೊಂದು, ಮಳೆಗಾಲದಲ್ಲಿ ಆಹಾರದ ಮೂಟೆ ಒಡೆದು ಬಿಟ್ಟರೆ ಬೂಷ್ಟು ಬರುತ್ತದೆ. ಆ ವಿಷ ಯಕೃತ್ತಿಗೆ ಹೋಗುತ್ತದೆ. ಡಬ್ಬದಲ್ಲಿ ಮುಚ್ಚಿಡಿ, 15 ದಿನಕ್ಕೆ ಆಗುವಷ್ಟೇ ತನ್ನಿ.

ಟಿಟ್ವಾಳಾ ತೋಟ (ಮುಂಬೈ ಕಡೆ)

ಬೆರಕೆ ಅಂದ ಕೂಡಲೇ ಗಟ್ಟಿ ಅನ್ನುವವರಿಗೆ ನನ್ನ ಮನೆಯ ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಫಾರಂನಿಂದ ಮೊಟ್ಟೆ ಮುಗಿಸಿದ ಬಿಳಿ ಕೋಳಿ 4 ತಂದೆ. 72 ವಾರಕ್ಕೆ ತೆಗೆದುಹಾಕುತ್ತಾರಲ್ಲ, ಅಂಥವು. ಸಾಯಿಸುವುದು ಬೇಡ, ಮನೆಯಲ್ಲಿ ಆರಾಮಾಗಿ ಇರಲಿ ಅಂತ. ಮೊದಲ ವಾರ ಅವಕ್ಕೆ ಮಣ್ಣು ಕೆದರುವುದೇ ಗೊತ್ತಿರಲಿಲ್ಲ. ಆಮೇಲೆ ಕಲಿತವು. ಮಣ್ಣಿನಲ್ಲಿ ಹೊರಳಿ ಸ್ನಾನ ಮಾಡುವುದನ್ನು ನೋಡಿ ನನಗೆ ಕಣ್ಣು ತುಂಬಿ ಬಂದಿತ್ತು. ಆದರೆ ಆರೇ ತಿಂಗಳಲ್ಲಿ ಒಂದಕ್ಕೆ ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ಊದಿತು. ಪೆಂಗ್ವಿನ್ ತರಹ ಎದ್ದು ನಿಲ್ಲುತ್ತಿತ್ತು. ಮೊಟ್ಟೆ ನಳಿಕೆಗೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಕೊಳೆತಿದೆ ಅಂದರು ಡಾಕ್ಟರ್. ಇನ್ನೊಂದು ವರ್ಷದಲ್ಲಿ ಮತ್ತೆರಡು ಹಾಗೇ ಹೋದವು.

ಅವೂ ಮಿಶ್ರತಳಿಯೇ. ಬೇರೆ ಬೇರೆ ಸಾಲು ಕೂಡಿಸಿ ಮಾಡಿದ್ದು. ವರ್ಷಕ್ಕೆ 300ರ ಮೇಲೆ ಮೊಟ್ಟೆ. ಕಾಡುಕೋಳಿ ವರ್ಷಕ್ಕೆ 10-15 ಇಡುತ್ತದೆ. ನಮ್ಮ ನಾಟಿ ಕೋಳಿ 50-60 ಇಟ್ಟು, ನಡುವೆ ಕಾವು ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತದೆ. 300 ಇಡುವ ದೇಹಕ್ಕೆ ವಿಶ್ರಾಂತಿಯೇ ಇಲ್ಲ. ಸುಣ್ಣದ ಅಂಶ ಮೂಳೆಯಿಂದಲೂ ಹೋಗುತ್ತದೆ, ಎದೆಮೂಳೆ ಮುರಿಯುತ್ತದೆ.

ಹಾಗಾಗಿ ಶುದ್ಧವೋ ಬೆರಕೆಯೋ ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವುದಕ್ಕಾಗಿ ಬೆರೆಸಿದ್ದು?

ಬದ್ಲಾಪುರದ ಕುಂದಾಪ್ರದವ

ಟಿಟ್ವಾಳಾ ಅಕ್ಕ, ಇದು ಓದಿ ನನಗೆ ತುಂಬ ಬೇಜಾರಾಯಿತು. ಒಪ್ಪುತ್ತೇನೆ, ನಾನು ಎಲ್ಲ ಬೆರಕೆಯನ್ನೂ ಒಂದೇ ಅಂದುಕೊಂಡಿದ್ದೆ.

ಆದರೆ ಒಂದು ಅನುಮಾನ. ಗಿರಿರಾಜದ ಮೊಟ್ಟೆ ಇಟ್ಟು ಮನೆಯಲ್ಲೇ ಮರಿ ಮಾಡಿಸಿದ್ದೆ. ಗಿರಿರಾಜ ಕಾವು ಕೂರುವುದಿಲ್ಲ, ನಾಟಿ ಕೋಳಿಯ ಕೆಳಗೆ ಇಟ್ಟಿದ್ದೆ. ಆ ಮರಿಗಳು ಅಪ್ಪ ಅಮ್ಮನ ಹಾಗೆ ಇಲ್ಲವೇ ಇಲ್ಲ. ಒಂದು ದಪ್ಪ, ಒಂದು ಸಣ್ಣ. ಸತ್ತದ್ದೂ ಜಾಸ್ತಿ. ಹೊಸ ರಕ್ತ ಇದ್ದರೂ ಯಾಕೆ ಹೀಗೆ?

ಹ್ಯಾಚರಿಯಲ್ಲಿ 22 ವರ್ಷ (ಪುಣೆ)

ಹೊಸ ರಕ್ತ ಒಂದು ತಲೆಮಾರಿಗೆ ಮಾತ್ರ ಪೂರ್ತಿ ಇರುತ್ತದೆ, ಅದಕ್ಕೆ. ಎರಡು ಬೇರೆ ತಳಿ ಕೂಡಿದಾಗ ಮೊದಲ ಮರಿಯಲ್ಲಿ ಬರುವ ಚೈತನ್ಯ, ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಗುಣಗಳೂ ಚದುರುತ್ತವೆ. ಗಿರಿರಾಜವನ್ನು 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬಿಡುಗಡೆ ಮಾಡಿದಾಗಿನಿಂದ ಜನ ಮಾಡುತ್ತಿರುವ ತಪ್ಪು ಇದೇ. ತಂದು ಸಾಕುವುದಕ್ಕೆ ಅದು ಚೆನ್ನ. ಅದರಿಂದಲೇ ತಳಿ ಮುಂದುವರಿಸುವುದಕ್ಕೆ ಅಲ್ಲ. ಪ್ರತಿ ಸಲ ಹೊಸ ಮರಿ ತರಬೇಕು. ಮುಂಬೈ ಕಡೆಯವರಿಗೆ ಗೋರೆಗಾಂವ್‌ನ ಆರೇ ಕಾಲೊನಿಯಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಇದೆ. ಅಲ್ಲಿ ಹಿತ್ತಲಿಗೆ ಹೊಂದುವ ಮರಿಯ ಬಗ್ಗೆ ವಿಚಾರಿಸಿ.

ಮನೆಯಲ್ಲೇ ಮರಿ ಮಾಡಿಸಬೇಕು ಅಂದರೆ ಹುಂಜ ಬದಲಾಯಿಸುತ್ತಿರಿ. 1 ಹುಂಜ, 10 ಕೋಳಿ ಇಟ್ಟರೆ ಲೆಕ್ಕಕ್ಕೆ 11 ಇದ್ದರೂ, ತಳಿಯ ಲೆಕ್ಕದಲ್ಲಿ 4 ಕೋಳಿಗೂ ಸಮ ಅಲ್ಲ. ಹೊರಗಿನದು ಸೇರದಿದ್ದರೆ ಒಂದೊಂದು ತಲೆಮಾರಿಗೆ ಸುಮಾರು 14% ಒಳಸಂಬಂಧ ಏರುತ್ತದೆ.

ಇನ್ನು ವಾಘೋಲಿಯವರಿಗೆ ಒಂದು ಗುಟ್ಟು. ನಿಮ್ಮ ಮೂರು ಮಿಶ್ರ ಮರಿಯಲ್ಲಿ ಹೆಣ್ಣು ಯಾವ ಬಣ್ಣ, ಗಂಡು ಯಾವ ಬಣ್ಣ?

ವಾಘೋಲಿ ಹಿತ್ತಲು (ಪುಣೆ)

ಎರಡು ಹೆಣ್ಣು. ಪೂರ್ತಿ ಕಪ್ಪು, ಚರ್ಮ, ನಾಲಿಗೆ, ಕಾಲು ಎಲ್ಲ. ಗಂಡಿನ ಕಾಲು ಮಾತ್ರ ಮಾಸಲು ಬಿಳಿ, ಜುಟ್ಟು ಕೆಂಪು. ನಿಮಗೆ ಹೇಗೆ ಗೊತ್ತಾಯಿತು?

ಹ್ಯಾಚರಿಯಲ್ಲಿ 22 ವರ್ಷ (ಪುಣೆ)

ಕಪ್ಪು ಬಣ್ಣವನ್ನು ತಡೆಯುವ ಒಂದು ಜೀನ್ ಇದೆ, ಅದು ಲಿಂಗಕ್ಕೆ ಅಂಟಿಕೊಂಡದ್ದು. ಬಿಳಿ ಅಥವಾ ಹಳದಿ ಕಾಲಿನ ಗಾವರಾನ್ ತಾಯಿ ಅದನ್ನು ಗಂಡು ಮಕ್ಕಳಿಗೆ ಮಾತ್ರ ಕೊಡುತ್ತಾಳೆ. ಹೆಣ್ಣು ಮಕ್ಕಳಿಗೆ ಆ ತಡೆ ಬರುವುದಿಲ್ಲ, ಹಾಗಾಗಿ ತಂದೆಯ ಕಪ್ಪು ಪೂರ್ತಿ ಬರುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಆ ಎರಡು ಹೆಣ್ಣನ್ನು ಸಂತೆಗೆ ಒಯ್ದರೆ ಯಾರೇ ಆದರೂ ಶುದ್ಧ ಕಡಕ್‌ನಾಥ್ ಅಂತಲೇ ಕೊಳ್ಳುತ್ತಾರೆ. ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಜಿಐ (ಭೌಗೋಳಿಕ) ಗುರುತು ಸಿಕ್ಕಿದ ಮೇಲೆ ಎಲ್ಲ ಕಡೆ ಕಪ್ಪು ಕೋಳಿಗೆ ಬೇಡಿಕೆ. ಬಣ್ಣ ನೋಡಿ ಶುದ್ಧ ಅನ್ನುವುದಕ್ಕೂ ಆಗುವುದಿಲ್ಲ, ಶುದ್ಧ ಅಂದ ಮಾತ್ರಕ್ಕೆ ಆರೋಗ್ಯ ಅನ್ನುವುದಕ್ಕೂ ಆಗುವುದಿಲ್ಲ. ಮರಿ ಕೊಳ್ಳುವಾಗ ಹುಂಜ ಎಷ್ಟು, ಎಲ್ಲಿಂದ ಬಂದವು, ಮೊದಲ ದಿನ ಏನು ಚುಚ್ಚಿದ್ದೀರಿ ಅಂತ ಕೇಳಿ. ಉತ್ತರ ಕೊಡದವರ ಹತ್ತಿರ ಕೊಳ್ಳಬೇಡಿ.

ವಾಸ್ಕೋದಿಂದ ಬಾದಾಮಿಯವ (ಗೋವಾ)

ನಾನು ತಡವಾಗಿ ಬಂದೆ. ಒಂದು ಮಾತು ಹೇಳಲೇಬೇಕು.

ನಮ್ಮೂರಲ್ಲಿ ಜವಾರಿ ಕೋಳಿಗೆ ರೋಗವೇ ಬರುವುದಿಲ್ಲ ಅಂತಾರೆ. ನಾನೂ ನಂಬಿದ್ದೆ. ಆದರೆ ನಮ್ಮವ್ವ 12 ತತ್ತಿ ಕೂರಿಸಿದರೆ 10 ಮರಿ ಏಳುತ್ತಿದ್ದವು, ಪ್ರಾಯಕ್ಕೆ ಬರುತ್ತಿದ್ದದ್ದು 4. ಉಳಿದ 6ನ್ನು ಯಾರೂ ಎಣಿಸಲಿಲ್ಲ. ಕಣ್ಣಿಗೆ ಕಾಣುವುದು ಬದುಕಿದ ನಾಲ್ಕು ಮಾತ್ರ, ಅವು ಗಟ್ಟಿಯಾಗಿರಲೇಬೇಕಲ್ಲ. ದುಡ್ಡು ಕೊಟ್ಟು ತಂದ 6ರಲ್ಲಿ 4 ಸತ್ತರೆ ಮಾತ್ರ ನಮಗೆ ಎದ್ದು ಕಾಣುತ್ತದೆ.

ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಇಲ್ಲಿ ನನ್ನ 18 ಜವಾರಿ ಕೋಳಿ ಒಂದೇ ವಾರದಲ್ಲಿ ಹೋದವು. ಕೊಕ್ಕರೆ ರೋಗ. ಮರಾಠಿಯವರು ಮಾನ್‌ಮೋಡಿ ಅಂತಾರೆ, ಕತ್ತು ಮುರಿಯುವುದು ಅಂತ. ಇಂಗ್ಲಿಷಿನವರು ರಾಣಿಖೇತ್ ಊರಿನ ಹೆಸರಿಟ್ಟರು. ಮೊದಲ ದಿನ ಹಸಿರು ಹಿಕ್ಕೆ. ಎರಡನೇ ದಿನ ಬಾಯಿ ತೆರೆದು ಉಸಿರು. ನಾಲ್ಕನೇ ದಿನ ಒಂದು ಹ್ಯಾಟೆ ಕತ್ತನ್ನು ಬೆನ್ನಿಗೆ ತಿರುಗಿಸಿಕೊಂಡು ಮುಂದಿದ್ದ ಕಾಳು ಸಿಗದೆ ಗಾಳಿಗೆ ಕುಕ್ಕುತ್ತಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಪೂರ್ತಿ ಜವಾರಿ, ಒಂದು ಹನಿ ಬೆರಕೆ ಇಲ್ಲ. ಲಸಿಕೆಯೂ ಇಲ್ಲ.

ಲಸಿಕೆ ಯಾಕೆ ಹಾಕಿರಲಿಲ್ಲ ಅಂದರೆ, ಬಾಟಲಿ ಕಮ್ಮಿ ಅಂದರೂ 100 ಕೋಳಿಯದು, ನನ್ನ ಹತ್ತಿರ 18. ಹಾಳಾಗುತ್ತದಲ್ಲ ಅಂತ ಬಿಟ್ಟೆ. ಆ ಬಾಟಲಿಯ ಬೆಲೆ ಒಂದು ಹ್ಯಾಟೆಯ ಬೆಲೆಗೂ ಬರುವುದಿಲ್ಲ. ಈಗ ನಾವು ಬೈನಾ, ಝುವಾರಿನಗರ ಕಡೆಯ 5 ಮನೆಯವರು ಸೇರಿ ಹಾಕುತ್ತೇವೆ. ಒಬ್ಬರು ಐಸ್ ಹಾಕಿದ ಥರ್ಮಾಸಿನಲ್ಲಿ ತರುತ್ತಾರೆ. ಬೆಳಗ್ಗೆ ಬಿಸಿಲೇರುವ ಮೊದಲು ಕಲಸುತ್ತೇವೆ, ಎರಡು ಗಂಟೆಯೊಳಗೆ ಐದೂ ಮನೆ ಮುಗಿಸುತ್ತೇವೆ. ಮರಿಗೆ 5-7ನೇ ದಿನ ಲಸೋಟಾ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. ಹನಿ ಬಿದ್ದ ಮೇಲೆ ಮರಿ ಕಣ್ಣು ಮಿಟುಕಿಸಿ ನುಂಗಿಕೊಳ್ಳುವ ತನಕ ಬಿಡಬಾರದು, ಇಲ್ಲದಿದ್ದರೆ ಹನಿ ನೆಲಕ್ಕೆ. ಎಂಟು ವಾರ ದಾಟಿದ ಮೇಲೆ ಆರ್‌ಟುಬಿ ಚುಚ್ಚುಮದ್ದು. ಅದು ಸ್ವಲ್ಪ ಜೋರಿನದು, ಸಣ್ಣ ಮರಿಗೆ ಹಾಕಲೇಬಾರದು. ನೀರಿನಲ್ಲಿ ಕೊಡುವ ಲಸಿಕೆಯಾದರೆ ನಲ್ಲಿ ನೀರು ಬೇಡ, ಕ್ಲೋರಿನ್ ಅದನ್ನು ಕೊಲ್ಲುತ್ತದೆ.

ಮೂರು ವರ್ಷದಿಂದ ಐದು ಮನೆಯಲ್ಲಿ ಕೊಕ್ಕರೆ ರೋಗದಿಂದ ಒಂದೂ ಹೋಗಿಲ್ಲ. ಜವಾರಿ ಇವೆ, ಗ್ರಾಮಪ್ರಿಯ ಇವೆ, ಒಬ್ಬರ ಹತ್ತಿರ ಕಡಕ್‌ನಾಥೂ ಇದೆ.

ಚಿಂಚ್ವಡ್ ಬ್ರಹ್ಮಾ

ಒಂದು ವಿಷಯ ಸೇರಿಸುತ್ತೇನೆ. ಹೊಸ ಹುಂಜ ತಂದ ಕೂಡಲೇ ಗುಂಪಿಗೆ ಬಿಡಬೇಡಿ. ಮೂರು-ನಾಲ್ಕು ವಾರ ದೂರ ಇಡಿ, ಅದಕ್ಕೆ ಬೇರೆ ಚಪ್ಪಲಿ, ಬೇರೆ ಬಟ್ಟಲು. ಇನ್ನು ಒಂದೇ ಸಲ ಹತ್ತಾರು ಕೋಳಿ ಸತ್ತರೆ ಮುಚ್ಚಿಡಬೇಡಿ, ಮಾರಬೇಡಿ, ಪಶು ಇಲಾಖೆಗೆ ಹೇಳಿ. ದೇಶದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು ನಮ್ಮ ಮಹಾರಾಷ್ಟ್ರದ ನವಾಪುರದಲ್ಲೇ, 2006ರ ಫೆಬ್ರವರಿಯಲ್ಲಿ. ಕೊಕ್ಕರೆ ರೋಗವೋ ಹಕ್ಕಿಜ್ವರವೋ ಅಂತ ಕಣ್ಣಲ್ಲಿ ನೋಡಿ ಹೇಳುವುದಕ್ಕೆ ಯಾರಿಗೂ ಬರುವುದಿಲ್ಲ.

ಫೋಂಡಾ ಅಕ್ಕ (ಗೋವಾ)

ಬಾದಾಮಿ ಅಣ್ಣ, ನಿಮ್ಮ ಐದು ಮನೆಯ ಉಪಾಯ ನಮ್ಮ ಕೇರಿಯಲ್ಲೂ ಮಾಡುತ್ತೇನೆ. ಇಲ್ಲಿ ಮೂರು ಮನೆ ಕನ್ನಡದವರು, ನಾಲ್ಕು ಮನೆ ಕೊಂಕಣಿಯವರು ಇದ್ದಾರೆ. ನಾಳೆಯೇ ಕೇಳುತ್ತೇನೆ.

ವಾಘೋಲಿ ಹಿತ್ತಲು (ಪುಣೆ)

ಆರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಉಳಿದ ಎರಡು ಕಡಕ್‌ನಾಥ್ ಬದುಕಿವೆ. ಒಂದು ಹೆಣ್ಣು, ಒಂದು ಗಂಡು. ಎರಡೂ ಆರೋಗ್ಯವಾಗಿವೆ, ಆದರೆ ಅಣ್ಣ-ತಂಗಿ. ಆ ಗಂಡನ್ನು ಮರಿಗೆ ಬಳಸುವುದಿಲ್ಲ, ಅಜ್ಜಿಯ ಹಿತ್ತಲಿನಲ್ಲೂ ಮಾರೆಕ್ಸ್ ಹಬ್ಬಿಸಬಾರದು ಅಂತ ಅಲ್ಲಿಗೂ ಕಳಿಸುವುದಿಲ್ಲ. ನಮ್ಮಲ್ಲೇ ಇರಲಿ.

ಗೂಡಿನ ಹೊಟ್ಟು ಪೂರ್ತಿ ತೆಗೆದು ಸುಟ್ಟೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಂತಿಯ ದೂಳು ಒರೆಸಿದೆ. ಎಷ್ಟು ದೂಳು ಬಂತೆಂದರೆ ಎರಡು ಬಕೆಟ್ ನೀರು ಬೂದಿ ಬಣ್ಣಕ್ಕೆ ತಿರುಗಿತು. ಸುಣ್ಣ ಬಳಿದು 15 ದಿನ ಬಿಸಿಲಿಗೆ ಬಿಟ್ಟೆ. ಇನ್ನು ಮುಂದೆ ಹೊರಗಿನ ಮರಿ ಬಂದರೆ ಮೊದಲ ದಿನದ ಲಸಿಕೆ ಆದದ್ದು ಮಾತ್ರ. ಬಂದರೂ ಎರಡು ತಿಂಗಳು ದೊಡ್ಡ ಕೋಳಿಗಳ ಜೊತೆ ಬಿಡುವುದಿಲ್ಲ, ಮನೆಯ ಮುಂದೆ ಬೇರೆ ಗೂಡು ಕಟ್ಟಿದ್ದೇನೆ.

ಗಾವರಾನ್ ಕೋಳಿ ಮತ್ತೆ ಕಾವಿಗೆ ಕೂತಿದೆ. ಅಜ್ಜಿಯ ತಮ್ಮ ಶಿರೂರಿನಲ್ಲಿದ್ದಾರೆ, ಅವರ ಹುಂಜ ತಂದು ನಾಲ್ಕು ವಾರ ದೂರ ಇಟ್ಟು ಬಿಟ್ಟಿದ್ದೆ. ಕೆಳಗೆ 9 ಮೊಟ್ಟೆ ಇದೆ, ಇವತ್ತಿಗೆ 8 ದಿನ. ನಿನ್ನೆ ರಾತ್ರಿ ಟಾರ್ಚ್ ಹಿಡಿದು ನೋಡಿದೆ. 7ರಲ್ಲಿ ಕೆಂಪು ನರ ಜೇಡರ ಬಲೆಯ ಹಾಗೆ ಹರಡಿದೆ, 2 ಖಾಲಿ.

ಮರಿ ಎದ್ದ ಐದನೇ ದಿನ ಭಾನುವಾರ ಬರುತ್ತದೆ. ಲಸೋಟಾ ಬಾಟಲಿ ನಾನು ತರುತ್ತೇನೆ, ಅಜ್ಜಿಯದೂ ಸೇರಿ ನಮ್ಮಲ್ಲಿ 30 ಆಗುತ್ತವೆ. ವಾಘೋಲಿ, ಲೋಹಗಾಂವ್, ಕೇಸ್‌ನಂದ್ ಕಡೆ ಯಾರಾದರೂ ಕೋಳಿ ಸಾಕಿದವರಿದ್ದರೆ ಹೇಳಿ, ಇನ್ನೂ 70 ಡೋಸ್ ಇರುತ್ತದೆ.

ಹ್ಯಾಚರಿಯಲ್ಲಿ 22 ವರ್ಷ (ಪುಣೆ)

ನಾನು ಹಡಪ್ಸರ್‌ನಲ್ಲಿದ್ದೇನೆ. ಹನಿ ಹಾಕುವುದನ್ನು ಕಲಿಸುವುದಕ್ಕೆ ಬರುತ್ತೇನೆ. ಬೆಳಗ್ಗೆ ಏಳಕ್ಕೆ ಮುಂಚೆ ಶುರು ಮಾಡೋಣ, ಐಸ್ ನಾನು ತರುತ್ತೇನೆ.